ಮಗುವಿನ ಜೊತೆ ಹೋಗಬೇಕಾದ ಒಂದು ಹಾಳೆ

ಮಗಳೇ, ನಿನ್ನೆ ರಾತ್ರಿ ನೀನು ನಮ್ಮ ಮನೆಯ ಗುಂಪಿಗೆ ಹಾಕಿದ ಸಂದೇಶವನ್ನು ಬೆಳಿಗ್ಗೆ ಎರಡು ಸಲ ಓದಿದೆ. ಫೋನಿನಲ್ಲಿ ಇಷ್ಟುದ್ದ ಬರೆಯಲು ನನ್ನ ಬೆರಳುಗಳಿಗೆ ಬಾರದು. ಆದ್ದರಿಂದ ಮೇಷ್ಟರ ಹಳೆಯ ಅಭ್ಯಾಸದಂತೆ ಎಲ್ಲವನ್ನೂ ಕಾಗದದಲ್ಲಿ ಬರೆದುಕೊಂಡು, ಅದನ್ನೇ ಓದಿ ಕಳುಹಿಸುತ್ತಿದ್ದೇನೆ. ಸ್ವಲ್ಪ ದೀರ್ಘವಾಗುತ್ತದೆ, ಮಕ್ಕಳು ಮಲಗಿದ ಮೇಲೆ ಕೇಳು, ಅಳಿಯಂದಿರಿಗೂ ಕೇಳಿಸು.

ಜ್ವರದ ಜೊತೆ ಮಗುವಿಗೆ ಫಿಟ್ಸ್ ಬಂದದ್ದು, ಕೈಗೂಸನ್ನು ಬಿಟ್ಟು ಹೊರಡಲಾಗದೆ ನೀನು ಕೊಟ್ಟಿಗೆಹಾರದ ಮನೆಯಲ್ಲೇ ಉಳಿದದ್ದು, ಅಳಿಯಂದಿರು ಒಬ್ಬರೇ 108ರಲ್ಲಿ ಹೋದದ್ದು, ಅಲ್ಲಿ ವೈದ್ಯರು "ಇವನ ಕೈಕಾಲು ಯಾವಾಗಲೂ ಹೀಗೆ ಬಿಗಿಯಾಗಿರುತ್ತದೆಯೇ, ಈಗ ಆದದ್ದೇ" ಎಂದು ಕೇಳಿದಾಗ ಅವರಿಗೆ ಉತ್ತರ ಹೊಳೆಯದೆ ಹೋದದ್ದು, ಇದೆಲ್ಲವನ್ನೂ ನೀನು ಬರೆದಿದ್ದೀಯೆ. ಮಗು ಈಗ ಮನೆಗೆ ಬಂದು ಗಂಜಿ ಕುಡಿಯುತ್ತಿದ್ದಾನೆ ಎಂಬುದೇ ನಮಗೆಲ್ಲ ಸಮಾಧಾನ. ನೀನು ಕೇಳಿದ್ದು ಎರಡು ಪ್ರಶ್ನೆ: ಮುಂದಿನ ಸಲಕ್ಕೆ ಏನನ್ನು ಸಿದ್ಧವಾಗಿಟ್ಟುಕೊಳ್ಳಬೇಕು, ಮತ್ತು 108ಕ್ಕೆ ಕಾಯಬೇಕೋ ತೋಟದ ಜೀಪಿನಲ್ಲಿ ಹೊರಟುಬಿಡಬೇಕೋ.

ವೈದ್ಯರ ಆ ಪ್ರಶ್ನೆ ಅಳಿಯಂದಿರಿಗೆ ಒರಟಾಗಿ ಕೇಳಿಸಿತು ಎಂದು ಬರೆದಿದ್ದೀಯೆ. ನನ್ನ ಮಟ್ಟಿಗೆ ಆ ರಾತ್ರಿ ಯಾರಾದರೂ ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದೇ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲುಗಳ ಮೇಲೆ ಹಿಡಿತವಿಲ್ಲದ ಸ್ಥಿತಿ ಇರುವ, ಮಾತು ಬಾರದ, ಒಂಬತ್ತು ವರ್ಷದ ನಮ್ಮ ಹುಡುಗನನ್ನು ಅವರು ಅದೇ ಮೊದಲು ನೋಡುತ್ತಿರುವುದು. ಅವನಲ್ಲಿ ಯಾವುದು ದಿನದ ಸಂಗತಿ, ಯಾವುದು ಅಪಾಯದ ಗುರುತು ಎಂಬುದು ಅವರಿಗೆ ಹೇಗೆ ತಿಳಿಯಬೇಕು? ಅದು ನಿನಗೆ ಮಾತ್ರ ತಿಳಿದಿದೆ, ಮತ್ತು ಆ ಹೊತ್ತಿನಲ್ಲಿ ನೀನು ಅಲ್ಲಿರಲಿಲ್ಲ. ಮಗುವಿನ ಸಹಜ ಸ್ಥಿತಿಯನ್ನು ಬರೆದ ಒಂದು ಹಾಳೆ ಅವನ ಜೊತೆ ಹೋಗಲೇಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕಾಗಿ. ಈ ಪಾಠವನ್ನು ನಮ್ಮ ಮನೆ ಕಲಿತದ್ದು ನಿನ್ನ ಚಿಕ್ಕಪ್ಪನಿಂದ. ನೀನು ಆಗ ಹಾಸ್ಟೆಲಿನಲ್ಲಿದ್ದೆ, ಆದ್ದರಿಂದ ಪೂರ್ತಿ ಗೊತ್ತಿರಲಾರದು.

ಕಾಳುಮೆಣಸು ಕುಯ್ಯುವಾಗ ಸಿಲ್ವರ್ ಓಕ್ ಮರದ ಏಣಿಯಿಂದ ಬಿದ್ದು ಅವನ ಬೆನ್ನುಹುರಿಗೆ ಪೆಟ್ಟಾದದ್ದು ಎದೆಯ ಭಾಗದ ನಾಲ್ಕನೆಯ ಬೆನ್ನುಮೂಳೆಯ ಮಟ್ಟದಲ್ಲಿ. ಅಲ್ಲಿಂದ ಕೆಳಗೆ ಸ್ಪರ್ಶವಿಲ್ಲ, ಮೂತ್ರಕ್ಕೆ ಯಾವಾಗಲೂ ಪೈಪು. ಬಿದ್ದ ಎರಡು ವರ್ಷಗಳ ನಂತರ, ಜೋರು ಮಳೆಯ ಒಂದು ಸಂಜೆ, ತಲೆ ಸಿಡಿದುಹೋಗುತ್ತದೆ ಎಂದು ಕೂಗತೊಡಗಿದ. ಮುಖ ಕೆಂಪೇರಿತ್ತು, ಹಣೆ ಕುತ್ತಿಗೆಯೆಲ್ಲ ಬೆವರು, ಎದೆಯಿಂದ ಕೆಳಗೆ ಮಾತ್ರ ಮೈ ತಣ್ಣಗೆ. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಒಂದು ಆಸ್ಪತ್ರೆಗೆ ಹೋದೆವು. ಯಾವುದೆಂದು ಹೇಳುವುದು ಬೇಡ. ರಕ್ತದೊತ್ತಡ ನೋಡಿ 150ಕ್ಕೆ 95 ಎಂದರು. ಸ್ವಲ್ಪ ಹೆಚ್ಚಿದೆ, ಗಾಬರಿಯಿಂದ ಹೀಗಾಗುತ್ತದೆ ಎಂದು ತಲೆನೋವಿನ ಮಾತ್ರೆ ಕೊಟ್ಟು, ಮಂಚದ ಮೇಲೆ ಅಂಗಾತ ಮಲಗಿಸಿ, ನಮ್ಮನ್ನು ಹೊರಗೆ ಕಾಯಲು ಹೇಳಿದರು.

ಬೆನ್ನುಹುರಿಗೆ ಅಷ್ಟು ಮೇಲೆ ಪೆಟ್ಟಾದವರ ಸಹಜ ರಕ್ತದೊತ್ತಡ ನಮಗಿಂತ ಕಡಿಮೆ. ನಿನ್ನ ಚಿಕ್ಕಪ್ಪನದು, ಮೇಲಿನ ಅಂಕಿ, ನಿತ್ಯವೂ 100ರ ಆಸುಪಾಸು. ಬೇರೆಯವರಲ್ಲಿ 150 ಎಂದರೆ ಸಣ್ಣ ಏರಿಕೆ; ಅವನಲ್ಲಿ ಅದು ಒಮ್ಮೆಗೇ 50ರ ಜಿಗಿತ, ಹಾಗೆಯೇ ಬಿಟ್ಟರೆ ಮೆದುಳಿನಲ್ಲಿ ರಕ್ತಸ್ರಾವವಾಗುವಷ್ಟು ಅಪಾಯ. ಇದಕ್ಕೆ ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ಎದೆಯ ಭಾಗದ ಆರನೆಯ ಬೆನ್ನುಮೂಳೆ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ, ಕೆಳಗಿನ ಮೈಯಲ್ಲಿ ಏನಾದರೂ ತೊಂದರೆಯಾದಾಗ, ಅದರ ಸುದ್ದಿ ಮೆದುಳಿಗೆ ಸರಿಯಾಗಿ ತಲುಪದೆ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಹೆಚ್ಚಿನ ಸಲ ಕಾರಣ ತುಂಬಿದ ಮೂತ್ರಕೋಶ. ಇಲ್ಲವೇ ಮಲಬದ್ಧತೆ, ಹಾಸಿಗೆ ಹುಣ್ಣು, ಬಿಗಿಯಾದ ಬಟ್ಟೆ. ಮೊದಲು ಮಾಡಬೇಕಾದದ್ದು ಎತ್ತಿ ಕೂರಿಸಿ, ಬಟ್ಟೆ ಸಡಿಲಿಸಿ, ಪೈಪನ್ನು ನೋಡುವುದು. ಅಲ್ಲಿ ಆದದ್ದು ಅದರ ತದ್ವಿರುದ್ಧ: ಮಲಗಿಸಿದರೆ ಒತ್ತಡ ಇನ್ನೂ ಏರುತ್ತದೆ.

ಕಂಡುಹಿಡಿದದ್ದು ನಿನ್ನ ಚಿಕ್ಕಮ್ಮ. ಬಾಗಿಲಲ್ಲಿ ತಡೆದರೂ ಒಳಗೆ ನುಗ್ಗಿ, ಮೂತ್ರದ ಚೀಲ ಮಧ್ಯಾಹ್ನದಿಂದ ಖಾಲಿಯೇ ಇದೆ ಎಂದು ಹೊದಿಕೆ ಎತ್ತಿ ನೋಡಿದಳು. ಜೀಪಿನಲ್ಲಿ ಮಲಗಿಸುವಾಗಲೋ ಅದಕ್ಕೂ ಮೊದಲೋ, ಪೈಪು ತೊಡೆಯ ಕೆಳಗೆ ಮಡಚಿಕೊಂಡಿತ್ತು. ಅದನ್ನು ನೇರ ಮಾಡಿದ ಮೇಲೆ ಮುಕ್ಕಾಲು ಲೀಟರಿನಷ್ಟು ಮೂತ್ರ ಇಳಿಯಿತು, ಕಾಲು ಗಂಟೆಯೊಳಗೆ ತಲೆನೋವೂ ಇಳಿಯಿತು. ಆ ವೈದ್ಯರ ಮೇಲೆ ನನಗೆ ಇಂದಿಗೂ ಕೋಪವಿಲ್ಲ, ಏಕೆಂದರೆ ಅವನ ಸಹಜ ಒತ್ತಡ 100 ಎಂದು ನಾವು ಯಾರೂ ಹೇಳಿರಲಿಲ್ಲ, ಹೇಳಬೇಕೆಂದು ನಮಗೇ ತಿಳಿದಿರಲಿಲ್ಲ. ಕೋಪ ಬಂದದ್ದು, ದಿನಕ್ಕೆ ನಾಲ್ಕು ಸಲ ಆ ಚೀಲ ಬರಿದು ಮಾಡುವವಳನ್ನು ಹೊರಗೆ ನಿಲ್ಲಿಸಿದ್ದಕ್ಕೆ.

ನಿನ್ನ ಹಾಸನದ ಮಾವನ ವಿಷಯವೂ ಇಂಥದ್ದೇ. ಅವರ ಶ್ವಾಸಕೋಶದ ಹಳೆಯ ಕಾಯಿಲೆಯಲ್ಲಿ ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಹಾಕುವ ಯಂತ್ರ ಶೇಕಡ 90 ತೋರಿಸಿದರೆ ಅದು ಅವರ ಮಾಮೂಲು. ಅಂಥವರಿಗೆ ವೈದ್ಯರು ಗುರಿ ಇಟ್ಟುಕೊಳ್ಳುವುದೇ 88ರಿಂದ 92ರವರೆಗೆ. ತಿಳಿಯದೆ ಆಕ್ಸಿಜನ್ ಏರಿಸಿ 99ಕ್ಕೆ ತಂದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಸೇರಿ ಮಂಪರು ಕವಿಯಬಹುದು. ಅತ್ತೆಯವರು ಇದನ್ನು ಕೇಳುತ್ತಿದ್ದರೆ, ಮಾವನಿಗೂ ಒಂದು ಹಾಳೆ ಬರೆದಿಡಬೇಕೆಂದು ಕೋರುತ್ತೇನೆ.

ಇಂಥ ಹಾಳೆ ನನ್ನ ಕಲ್ಪನೆಯಲ್ಲ. ಅಮೆರಿಕದಲ್ಲಿ ಮಕ್ಕಳ ವೈದ್ಯರ ಅಕಾಡೆಮಿಯೂ ತುರ್ತು ಚಿಕಿತ್ಸಾ ವೈದ್ಯರ ಕಾಲೇಜೂ ಸೇರಿ, ವಿಶೇಷ ಆರೋಗ್ಯ ಅಗತ್ಯಗಳಿರುವ ಮಕ್ಕಳಿಗಾಗಿ 1999ರಲ್ಲಿಯೇ ತುರ್ತು ಮಾಹಿತಿ ನಮೂನೆಯೊಂದನ್ನು ರೂಪಿಸಿದವು, 2010ರಲ್ಲಿ ಆ ಶಿಫಾರಸನ್ನು ಪರಿಷ್ಕರಿಸಿದವು. ನಮಗೆ ಅಚ್ಚಾದ ನಮೂನೆಯೇ ಬೇಕೆಂದಿಲ್ಲ. ಒಂದೇ ಹಾಳೆ, ಎರಡೇ ಮಗ್ಗಲು, ದೊಡ್ಡ ಅಕ್ಷರ. ಮೇಲುಗಡೆಯೇ ಅವನ ಸಹಜ ಸ್ಥಿತಿ ಇರಲಿ: ಕೈಕಾಲು ಸದಾ ಬಿಗಿ, ಎಡಗೈ ಹೆಚ್ಚು ಬಿಗಿ, ಮಾತಿಲ್ಲ, ಆದರೆ ಹೆಸರು ಕರೆದರೆ ತಿರುಗಿ ನೋಡುತ್ತಾನೆ, ಅಮ್ಮನನ್ನು ಕಂಡರೆ ನಗುತ್ತಾನೆ. ಹೆಸರು ಕರೆದರೂ ತಿರುಗದಿದ್ದರೆ ಅದು ಅವನ ಅಂಗವೈಕಲ್ಯವಲ್ಲ, ಹೊಸ ಕಾಯಿಲೆ ಎಂದು ವೈದ್ಯರಿಗೆ ಆಗ ತಿಳಿಯುತ್ತದೆ. ಈ ಒಂದು ಸಾಲಿಗೆ ಹತ್ತು ವರದಿಗಳ ಬೆಲೆ ಇದೆ.

ನೋವಾದರೆ ಏನು ಮಾಡುತ್ತಾನೆ ಎಂಬುದನ್ನೂ ಬರೆ. ಹಲ್ಲು ನೋವು ಬಂದಾಗ ಅಳದೆ ಬಲಗಿವಿಯನ್ನು ತಿಕ್ಕಿಕೊಳ್ಳುತ್ತಿದ್ದ ಎಂದು ನೀನೇ ಹಿಂದೊಮ್ಮೆ ಹೇಳಿದ್ದೆ. ಮಾತು ಬಾರದ ಮಕ್ಕಳ ನೋವನ್ನು ಮುಖ, ಕಾಲು, ಚಲನೆ, ಅಳು, ಸಮಾಧಾನಗೊಳ್ಳುವ ಬಗೆ ಎಂಬ ಐದು ಗುರುತುಗಳಿಂದ 10 ಅಂಕಗಳಿಗೆ ಅಳೆಯುವ ಒಂದು ಪದ್ಧತಿ ಆಸ್ಪತ್ರೆಗಳಲ್ಲಿದೆ. ಅದರ ಪರಿಷ್ಕೃತ ರೂಪದಲ್ಲಿ, ಆ ಮಗುವಿಗಷ್ಟೇ ವಿಶಿಷ್ಟವಾದ ನೋವಿನ ನಡವಳಿಕೆಯನ್ನು ತಂದೆತಾಯಿಗಳಿಂದ ಕೇಳಿ ಸೇರಿಸಿಕೊಳ್ಳಲು ಅವಕಾಶವಿದೆ. ಕಿವಿ ತಿಕ್ಕುವುದು ಅಲ್ಲಿ ಬರಬೇಕಾದ ಮಾತು.

ಇನ್ನು ತೂಕ. ಮಕ್ಕಳ ಔಷಧಿಯ ಪ್ರಮಾಣವೆಲ್ಲ ತೂಕದ ಲೆಕ್ಕ. ಅವಸರದಲ್ಲಿ ತೂಗಲಾಗದಿದ್ದರೆ ವಯಸ್ಸಿನಿಂದ ಅಂದಾಜಿಸುತ್ತಾರೆ. ಒಂಬತ್ತು ವರ್ಷ ಎಂದರೆ ಆ ಅಂದಾಜು 25 ಕಿಲೋ ದಾಟುತ್ತದೆ. ನಮ್ಮ ಹುಡುಗ ಅಷ್ಟಿಲ್ಲ ಎಂಬುದು ಎತ್ತಿಕೊಂಡವರಿಗೆಲ್ಲ ಗೊತ್ತು. ಫಿಟ್ಸ್ ನಿಲ್ಲಿಸುವ ಔಷಧಿ ಹೆಚ್ಚಾದರೆ ಉಸಿರಾಟವೇ ನಿಧಾನವಾಗುತ್ತದೆ, ಆದ್ದರಿಂದ ಇದು ಸಣ್ಣ ವಿಷಯವಲ್ಲ. ಕಣದಲ್ಲಿ ಕಾಫಿ ಚೀಲ ತೂಗುವ ಯಂತ್ರದ ಮೇಲೆ ಅಳಿಯಂದಿರು ಅವನನ್ನು ಎತ್ತಿಕೊಂಡು ನಿಲ್ಲಲಿ, ಆಮೇಲೆ ಒಬ್ಬರೇ ನಿಲ್ಲಲಿ, ಕಳೆದರೆ ತೂಕ ಸಿಕ್ಕಿತು. ದಿನಾಂಕ ಸಮೇತ ಬರೆದು, ಮೂರು ತಿಂಗಳಿಗೊಮ್ಮೆ ತಿದ್ದು.

ಅವನ ಫಿಟ್ಸ್ ಸಿರಪ್ಪಿನ ವಿಷಯದಲ್ಲಿ ಎಷ್ಟು ಎಂ.ಎಲ್. ಎಂದಷ್ಟೇ ಬರೆದರೆ ಸಾಲದು, 5 ಎಂ.ಎಲ್.ಗೆ ಎಷ್ಟು ಮಿಲಿಗ್ರಾಂ ಎಂದು ಬಾಟಲಿಯ ಮೇಲಿರುವುದನ್ನೂ ಬರೆ. ಬಾಟಲಿಯನ್ನೂ ಜೊತೆಗೇ ಕಳುಹಿಸು, ಏಕೆಂದರೆ ಆಸ್ಪತ್ರೆಯ ಗಡಿಬಿಡಿಯಲ್ಲಿ ರಾತ್ರಿಯ ಡೋಸ್ ತಪ್ಪಿದರೆ ಅದೇ ಮತ್ತೊಂದು ಫಿಟ್ಸ್‌ಗೆ ಕಾರಣವಾಗಬಹುದು. ತೆಳುವಾದ ನೀರು ನುಂಗಲಾಗದು, ಮಲಗಿಸಿ ಏನನ್ನೂ ಕುಡಿಸಬಾರದು ಎಂಬುದೂ ಹಾಳೆಯಲ್ಲಿರಲಿ. ಬರೆದದ್ದನ್ನು ಅವನನ್ನು ನೋಡುವ ಮಕ್ಕಳ ವೈದ್ಯರಿಗೆ ತೋರಿಸಿ, ತಿದ್ದಿಸಿ, ಸಹಿ ಹಾಕಿಸಿಕೊ. ನಮ್ಮ ಕೈಬರಹಕ್ಕೆ ಅಪರಿಚಿತ ವೈದ್ಯರು ಕೊಡುವ ಗೌರವ ಎಷ್ಟು ಎಂಬುದು ಅವರವರ ಸ್ವಭಾವ. ಸಹಿ ಮತ್ತು ಮೊಹರು ಇದ್ದರೆ ಯಾರೂ ಪಕ್ಕಕ್ಕಿಡುವುದಿಲ್ಲ.

ಈಗ ಜೀಪಿನ ಪ್ರಶ್ನೆ. ಫಿಟ್ಸ್ ಆರಂಭವಾದ ಕೂಡಲೇ ಗಡಿಯಾರ ನೋಡು. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸು, ಜೊಲ್ಲು ಹೊರಗೆ ಹರಿಯಲಿ. ಕೈಗೆ ಕಬ್ಬಿಣ, ಬಾಯಿಗೆ ಚಮಚ, ಮೂಗಿಗೆ ಈರುಳ್ಳಿ ಇವು ಯಾವುವೂ ಬೇಡ, ಅಕ್ಕಪಕ್ಕದ ಹಿರಿಯರು ಎಷ್ಟೇ ಒತ್ತಾಯಿಸಿದರೂ ಬೇಡ. 5 ನಿಮಿಷ ದಾಟಿದರೆ, ಅಥವಾ ನಡುವೆ ಎಚ್ಚರವಾಗದೆ ಮತ್ತೆ ಬಂದರೆ, ಅದು ತುರ್ತು ಸ್ಥಿತಿ. ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಮನೆಯಲ್ಲಿಟ್ಟುಕೊಳ್ಳಬಹುದೇ, ಎಷ್ಟು ಸಲ ಹೊಡೆಯಬೇಕು ಎಂದು ವೈದ್ಯರನ್ನು ಈ ವಾರವೇ ಕೇಳು. ಘಟ್ಟದ ತುದಿಯಲ್ಲಿ ಮನೆ ಇರುವವರಿಗೆ ಅದು ಬಹಳ ಅಗತ್ಯ ಎಂಬುದು ನನ್ನ ಅಭಿಪ್ರಾಯ. ಸಾಧ್ಯವಾದರೆ ಒಬ್ಬರು ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೋ ತೆಗೆಯಲಿ, ವೈದ್ಯರಿಗೆ ನಮ್ಮ ವರ್ಣನೆಗಿಂತ ಅದು ಉಪಯುಕ್ತ.

ಉಸಿರಾಟ ಸರಿಯಿಲ್ಲದಿದ್ದರೆ ಅಥವಾ ಫಿಟ್ಸ್ ನಿಲ್ಲದಿದ್ದರೆ 108ಕ್ಕೇ ಕರೆ ಮಾಡು. ಜೀಪಿನಲ್ಲಿ ಆಕ್ಸಿಜನ್ ಇಲ್ಲ, ಜೊಲ್ಲು ಎಳೆಯುವ ಯಂತ್ರವಿಲ್ಲ. ಮಗುವಿಗೆ ಕೂರಲು ಬರುವುದಿಲ್ಲ, ಬಾಯಲ್ಲಿ ಜೊಲ್ಲು ತುಂಬಿಕೊಳ್ಳುತ್ತದೆ ಎಂದು ಕರೆಯಲ್ಲೇ ಹೇಳು. ವಾಹನ ದೂರದಲ್ಲಿದೆ ಎಂದರೆ ಸುಮ್ಮನೆ ಕುಳಿತು ಕಾಯಬೇಡಿ. ಅವರೊಡನೆ ಮಾತಾಡಿಕೊಂಡು ಜೀಪಿನಲ್ಲಿ ಎದುರು ಹೋಗಿ, ದಾರಿಯಲ್ಲಿ ಸಿಗುವ ಒಂದು ಗೊತ್ತಾದ ಜಾಗದಲ್ಲಿ ಮಗುವನ್ನು ಆಂಬುಲೆನ್ಸಿಗೆ ಸೇರಿಸಿ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ಮಂಗಳೂರಿನ ದಾರಿಯನ್ನು ನಂಬುವಂತಿಲ್ಲ, ಆದ್ದರಿಂದ ಮೂಡಿಗೆರೆ, ಅಲ್ಲಿಂದ ಚಿಕ್ಕಮಗಳೂರು ಅಥವಾ ಹಾಸನ ಎಂದು ಮೊದಲೇ ನಿರ್ಧರಿಸಿಕೊಳ್ಳಿ. ನಿಮ್ಮ ಮನೆಯ ಅಂಗಳದಲ್ಲಿ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದು ಅಜ್ಜಿಗೂ ತಿಳಿದಿರಲಿ.

ಆಸ್ಪತ್ರೆಯಲ್ಲಿ ನಿನ್ನನ್ನು ಹೊರಗೆ ಕಳುಹಿಸಿದರೆ ಜಗಳವಾಡದೆ, ಇವನಿಗೆ ಮಾತು ಬಾರದು, ನಾನೇ ಇವನ ಮಾತು ಎಂದು ಹೇಳಿ ನಿಲ್ಲು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೆಯ ಕಲಮು ಚಿಕಿತ್ಸೆಯಲ್ಲಿ ಅಂಥವರಿಗೆ ಆದ್ಯತೆ ಸಿಗಬೇಕೆನ್ನುತ್ತದೆ. ತುರ್ತು ಸ್ಥಿತಿಯಲ್ಲಿ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಹೇಳಿದೆ. ಇವು ತಿಳಿದಿರಲಿ, ಆದರೆ ರಾತ್ರಿ ಎರಡು ಗಂಟೆಗೆ ಕಲಮು ಹೇಳಿ ಗೆದ್ದವರನ್ನು ನಾನು ಕಂಡಿಲ್ಲ. ಅವನ ವಿಕಲಚೇತನರ ಗುರುತಿನ ಚೀಟಿಯ ನಕಲು ಹಾಳೆಯ ಹಿಂದೆ ಅಂಟಿರಲಿ, ಸಾಕು. ನಿರಾಮಯ ಆರೋಗ್ಯ ವಿಮೆ ಮಾಡಿಸಿದ್ದೀರೋ ಇಲ್ಲವೋ ತಿಳಿಸು. ಸೆರೆಬ್ರಲ್ ಪಾಲ್ಸಿ ಇರುವವರಿಗೆ ಅದರಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಅರ್ಜಿಗೆ ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ.

ಕೈಗೂಸಿನ ಮಾತೂ ಇದೆ. ಮುಂದಿನ ಸಲ ನೀನೇ ಹೋಗಬೇಕಾಗಬಹುದು, ಆಗ ಕೂಸನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಪಕ್ಕದ ಮನೆಯವರೊಡನೆ ಈಗಲೇ ಮಾತಾಡಿಟ್ಟುಕೊ. ಅಳಿಯಂದಿರೂ ಒಂದು ವಾರ ಸಿರಪ್ಪನ್ನು ತಮ್ಮ ಕೈಯಾರೆ ಕುಡಿಸಲಿ. ಕೇಳಿ ತಿಳಿದದ್ದು ಗಾಬರಿಯಲ್ಲಿ ಮರೆತುಹೋಗುತ್ತದೆ, ಕೈಗೆ ರೂಢಿಯಾದದ್ದು ಮರೆಯುವುದಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ನಾನು ಮೂಡಿಗೆರೆಗೆ ಬರುತ್ತೇನೆ, ಅಳಿಯಂದಿರು ಜೀಪು ತಂದರೆ ಅಲ್ಲಿಂದ ನಿಮ್ಮಲ್ಲಿಗೆ. ಅಷ್ಟರಲ್ಲಿ ತೂಕ ಹಾಕಿಸಿರು, ಔಷಧಿಯ ಬಾಟಲಿಗಳನ್ನೂ ಹಳೆಯ ಚೀಟಿಗಳನ್ನೂ ಒಂದು ಚೀಲದಲ್ಲಿ ಸೇರಿಸಿಟ್ಟಿರು. ನೀನು ಹೇಳುತ್ತಾ ಹೋಗು, ನಾನು ಬರೆಯುತ್ತೇನೆ. ನನ್ನ ಅಕ್ಷರ ಈಗಲೂ ಕಪ್ಪುಹಲಗೆಯ ಅಕ್ಷರವೇ.