ಅಸ್ಸಾಂ ಕೆಲಸದವರ ಮಗುನ ಸರ್ಕಾರಿ ಶಾಲೆಗೆ ಸೇರಿಸ್ಕೊಳಲ್ಲ ಅಂತಿದಾರೆ, ಕಾನೂನು ಎಂತ ಹೇಳುತ್ತೆ?

ತೋಟದಮನೆ_ತೀರ್ಥಹಳ್ಳಿ:
ಎಲ್ರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ತಾಲೂಕು, ಊರ ಹೆಸರು ಬೇಡ. ಅಡಿಕೆ ಸುಲಿಯಕ್ಕೆ ಈಗ ಊರವರು ಸಿಗಲ್ಲ, ಹಂಗಾಗಿ ಹೋದ ವರ್ಷದಿಂದ ಅಸ್ಸಾಂ ಕಡೆಯ ಒಂದು ಸಂಸಾರ ನಮ್ಮ ತೋಟದ ಮನೇಲೇ ಇದೆ, ಗಂಡ ಹೆಂಡತಿ, ಎಂಟು ವರ್ಷದ ಹುಡುಗಿ, ಅದರ ಕೆಳಗೊಂದು ಗಂಡು ಮಗು. ಹುಡುಗಿ ಸುಲಿಯೋ ಹೆಂಗಸರ ಜೊತೆ ಕೂತು ಕೂತು ಕನ್ನಡ ಕಲ್ತಿದೆ, "ಅಜ್ಜಿ, ಗೋಟು ಬೇರೆ ಹಾಕ್ಲಾ" ಅಂತ ನಮ್ಮಮ್ಮನ್ನ ಕೇಳುತ್ತೆ. ಮಧ್ಯಾಹ್ನ ಬಿಸಿಯೂಟದ ಗಂಟೆ ಹೊಡೀತು ಅಂದ್ರೆ ತಮ್ಮನ್ನ ಸೊಂಟದ ಮೇಲೆ ಕೂರಿಸ್ಕೊಂಡು ಹೋಗಿ ಶಾಲೆ ಬೇಲಿ ಹತ್ರ ನಿಂತಿರುತ್ತೆ, ಒಳಗೆ ಹೋಗಲ್ಲ.

ಶಾಲೇಲಿ ಇರೋದೇ 9 ಮಕ್ಕಳು, ನಮ್ಮ ಮಗನೂ ಅಲ್ಲೇ ಓದೋದು. ಇವಳನ್ನೂ ಸೇರ್ಸೋಣ ಅಂತ ಅವರಪ್ಪನ್ನ ಕರ್ಕೊಂಡು ಹೋದ್ರೆ ಹೆಡ್ ಮೇಷ್ಟ್ರು ಜನನ ಪ್ರಮಾಣ ಪತ್ರ, ಆಧಾರ್, ಹಿಂದಿನ ಶಾಲೆ ಟಿಸಿ ಮೂರೂ ಬೇಕು, ಇವರು ಬಾಂಗ್ಲಾದವರಾಗಿದ್ರೆ ನಾಳೆ ನನ್ನ ಕೆಲಸಕ್ಕೆ ಕುತ್ತು ಅಂದ್ರು. ಅವನು ಪ್ಲಾಸ್ಟಿಕ್ ಕವರಿಂದ ತನ್ನ ಆಧಾರ್, ವೋಟರ್ ಕಾರ್ಡು, ಅವನಪ್ಪನ ಹೆಸರಿರೋ ಎನ್‌ಆರ್‌ಸಿ (ಅಸ್ಸಾಮಿನ ಪೌರತ್ವ ಪಟ್ಟಿ) ಕಾಗದ ಎಲ್ಲ ತೆಗೆದು ಟೇಬಲ್ ಮೇಲಿಟ್ಟ, ಮಡಚಿ ಮಡಚಿ ಹರಿದಿದ್ದಕ್ಕೆ ಟೇಪ್ ಹಾಕಿದಾನೆ, ಊರಲ್ಲಿ ಮನೆಗೆ ಹೊಳೆ ನೀರು ಬಂದಾಗ್ಲೂ ಇದೊಂದು ಕವರ್ ಬಿಟ್ಟಿಲ್ವಂತೆ. ಮೇಷ್ಟ್ರು ಮುಟ್ಟಿಯೂ ನೋಡ್ಲಿಲ್ಲ. ಹುಡುಗಿ ಹೆಸರಲ್ಲಿ ಮಾತ್ರ ಒಂದು ಕಾಗದವೂ ಇಲ್ಲ. ಈಗ ಎಂತ ಮಾಡದು?

ನಿವೃತ್ತ_ಮೇಷ್ಟ್ರು_ಸಾಗರ:
ತಮ್ಮಾ, ಆ ಮೇಷ್ಟ್ರ ಹೆದರಿಕೆ ನಂಗೆ ಅರ್ಥ ಆಗುತ್ತೆ, ಆದ್ರೆ ಅವರು ಹೇಳಿದ್ದು ತಪ್ಪು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಲಿದೆ, ಅದರ 14ನೇ ಸೆಕ್ಷನ್ನಲ್ಲಿ ವಯಸ್ಸಿನ ದಾಖಲೆ ಇಲ್ಲ ಅನ್ನೋ ಕಾರಣಕ್ಕೆ ಯಾವ ಮಗುಗೂ ದಾಖಲಾತಿ ನಿರಾಕರಿಸಂಗಿಲ್ಲ ಅಂತ ಸ್ಪಷ್ಟವಾಗಿ ಬರ್ದಿದೆ. ಅಪ್ಪ ಅಮ್ಮ ವಯಸ್ಸು ಇಷ್ಟು ಅಂತ ಬರ್ದು ಸಹಿ ಹಾಕಿ ಕೊಟ್ರೆ ಅದೂ ನಡೆಯುತ್ತೆ. ಶಾಲೆಗೇ ಹೋಗದ ಮಗು ಆದ್ರೆ ಟಿಸಿ ಎಲ್ಲಿಂದ ಬರಬೇಕು, 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ಸರಿಯಾದ ಕ್ಲಾಸಿಗೆ ಸೇರಿಸ್ಕೊಂಡು ಹಿಂದೆ ಬಿದ್ದಿದ್ದನ್ನ ಬೇರೆ ಕೂರಿಸಿ ಕಲಿಸ್ಬೇಕು. ಆಧಾರ್ ವಿಷಯ 2018ರಲ್ಲೇ ಸುಪ್ರೀಂ ಕೋರ್ಟು ಹೇಳಿಯಾಗಿದೆ, ಶಾಲೆ ದಾಖಲಾತಿಗೆ ಕಡ್ಡಾಯ ಅಲ್ಲ.

ಇನ್ನೊಂದು ಮಾತು. ನಮ್ಮಜ್ಜಂದು ಲಿಂಗನಮಕ್ಕಿ ಡ್ಯಾಮಿನ ಮುಳುಗಡೆ ಸಂಸಾರ. ಗದ್ದೆ, ಮನೆ ಎಲ್ಲ ಶರಾವತಿ ನೀರಿನ ಅಡಿಗೆ ಹೋದ ಮೇಲೆ ಲಾರಿಲಿ ತಂದು ಕಾಡಲ್ಲಿ ಇಳಿಸಿದ್ರು, ಹಕ್ಕುಪತ್ರ ಇಲ್ಲದೆ ಇವತ್ತಿಗೂ ಓಡಾಡ್ತಿರೋರು ಇಲ್ಲೇ ನಮ್ಮ ಮಧ್ಯದಲ್ಲೇ ಇದಾರೆ. ಅವತ್ತು ನಮ್ಮಪ್ಪನ್ನ ಶಾಲೆಗೆ ಸೇರಿಸ್ಕೊಂಡ ಮೇಷ್ಟ್ರು ಕಾಗದ ಕೇಳಿದ್ರೆ ನಾನು ಮೇಷ್ಟ್ರಾಗ್ತಿರಲಿಲ್ಲ.

ಕೊಪ್ಪ_ಎಸ್ಟೇಟ್_ರೈಟರ್:
ಎಲ್ಲ ಸರಿ ಮೇಷ್ಟ್ರೇ, ಆದ್ರೆ ತೋಟದವರು ಸ್ವಲ್ಪ ಹುಷಾರಾಗಿರೋದು ಒಳ್ಳೇದು. ನಮ್ಮ ಲೈನ್ ಮನೆಗೆ ಎರಡು ಸಲ ಪೊಲೀಸರು ಬಂದು ಎಲ್ರ ಐಡಿ ನೋಡ್ಕೊಂಡು ಹೋಗಿದಾರೆ, ಆಮೇಲೆ ಎರಡು ಸಂಸಾರ ರಾತ್ರೋರಾತ್ರಿ ಹೋಗಿಬಿಟ್ವು, ಅವರ ಕಾಗದ ಎಲ್ಲ ಸರಿ ಇತ್ತು, ಬರೀ ಹೆದರಿ ಹೋಗಿದ್ದು. ಹೊಸ ಕಾನೂನು ಬೇರೆ ಬಂದಿದೆಯಂತಲ್ಲ, ಶಾಲೆಯವರು ಪೊಲೀಸಿಗೆ ರಿಪೋರ್ಟ್ ಮಾಡ್ಬೇಕಂತೆ. ಅದು ನಿಜನಾ?

ವಕೀಲಿ_ಶಿವಮೊಗ್ಗ:
ಅರ್ಧ ನಿಜ. ವಲಸೆ ಮತ್ತು ವಿದೇಶಿಯರ ಕಾಯ್ದೆ 2025 ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ, 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೇ ಕಾಯ್ದೆ ಹೋಗಿ ಇದು ಬಂದಿದ್ದು. ವಿದೇಶಿಯರನ್ನ ಸೇರಿಸ್ಕೊಳೋ ಶಿಕ್ಷಣ ಸಂಸ್ಥೆ ನೋಂದಣಿ ಅಧಿಕಾರಿಗೆ ಮಾಹಿತಿ ಕೊಡ್ಬೇಕು ಅಂತ ಅದ್ರಲ್ಲಿದೆ. ಆದ್ರೆ ಸೇರಿಸ್ಕೊಳ್ಬೇಡಿ ಅಂತ ಇಲ್ಲ, ಬಂಗಾಳಿ ಮಾತಾಡೋ ಮಗು ಬಂದ ಕೂಡ್ಲೆ ವಿದೇಶಿ ಅಂತ ತೀರ್ಮಾನ ಮಾಡಿ ಅಂತಲೂ ಇಲ್ಲ. ಪೌರತ್ವ ತೀರ್ಮಾನ ಮಾಡೋಕೆ ಬೇರೆ ಅಧಿಕಾರಿಗಳಿದಾರೆ, ಟ್ರಿಬ್ಯೂನಲ್ ಇದೆ, ಅದು ಹೆಡ್ ಮೇಷ್ಟ್ರ ಕೆಲಸ ಅಲ್ಲ. ಸಂವಿಧಾನದ 21ಎ ವಿಧಿ ಓದಿ, 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಅಂತಿದೆ, ನಾಗರಿಕರ ಮಕ್ಕಳಿಗೆ ಅಂತಿಲ್ಲ. ಮ್ಯಾನ್ಮಾರಿಂದ ಓಡಿ ಬಂದು ದೆಹಲಿಲಿರೋ ರೊಹಿಂಗ್ಯಾ ನಿರಾಶ್ರಿತರ ಮಕ್ಕಳ ಕೇಸಲ್ಲಿ 2025ರ ಫೆಬ್ರವರಿಲಿ ಸುಪ್ರೀಂ ಕೋರ್ಟು, ಮಕ್ಕಳು ಮೊದಲು ಸರ್ಕಾರಿ ಶಾಲೆಗೇ ಹೋಗಿ ಸೀಟು ಕೇಳ್ಲಿ, ಕೊಡ್ಲಿಲ್ಲ ಅಂದ್ರೆ ಹೈಕೋರ್ಟಿಗೆ ಬರ್ಲಿ ಅಂತು. ಅವರೇ ಕೇಳಬಹುದು ಅಂದ ಮೇಲೆ ಅಸ್ಸಾಮಿನ ವೋಟರ್ ಕಾರ್ಡ್ ಇರೋನ ಮಗಳದ್ದು ಎಂತ ತಕರಾರು? ಎನ್‌ಆರ್‌ಸಿ ಕಾಗದವನ್ನಂತೂ ಶಾಲೇಲಿ ತೋರ್ಸೋ ಅಗತ್ಯವೇ ಇಲ್ಲ, 2019ರ ಪಟ್ಟಿಲಿ 19 ಲಕ್ಷ ಜನರ ಹೆಸರು ಬಿಟ್ಟುಹೋಗಿದೆ, ಅವರ ಮಕ್ಕಳಿಗೂ ಓದೋ ವಯಸ್ಸು ಕಾಯ್ಕೊಂಡು ಕೂರಲ್ಲ.

ಹೊಸನಗರದ_ಹುಡುಗಿ_ಟೆಕ್ಸಾಸ್:
ನಮ್ಮೂರ ಕಡೆದು ಓದಿ ಬರೀದೇ ಇರಕ್ಕಾಗ್ಲಿಲ್ಲ. ನಾನಿರೋ ಟೆಕ್ಸಾಸಲ್ಲೇ ಇದೇ ಜಗಳ ಆಗಿದ್ದು. 1975ರಲ್ಲಿ ಇಲ್ಲಿ ಒಂದು ಕಾನೂನು ಮಾಡಿ ಕಾಗದ ಇಲ್ಲದ ವಲಸೆ ಮಕ್ಕಳ ಓದಿಗೆ ರಾಜ್ಯದ ದುಡ್ಡು ಕೊಡಲ್ಲ ಅಂದ್ರು, ಟೈಲರ್ ಅನ್ನೋ ಊರಿನ ಸರ್ಕಾರಿ ಶಾಲೆಗಳಲ್ಲಿ ಅಂಥ ಒಂದೊಂದು ಮಗುಗೂ ವರ್ಷಕ್ಕೆ 1000 ಡಾಲರ್ ಫೀಸು ಇಟ್ರು. ನಾಲ್ಕು ಬಡ ಮೆಕ್ಸಿಕನ್ ಸಂಸಾರ ಕೋರ್ಟಿಗೆ ಹೋದ್ವು. 1982ರ ಜೂನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5-4ರಲ್ಲಿ ಮಕ್ಕಳ ಪರ ತೀರ್ಪು ಕೊಡ್ತು, ಅಪ್ಪ ಅಮ್ಮ ಮಾಡಿದ್ದಕ್ಕೆ ಮಕ್ಕಳಿಗೆ ಶಿಕ್ಷೆ ಕೊಡೋದು ನ್ಯಾಯ ಅಲ್ಲ ಅಂತ. ಅದು ಪ್ಲೈಲರ್ ಕೇಸು, ಇವತ್ತಿಗೂ ಅದೇ ಕಾನೂನು.

ಆದ್ರೆ ಕೊಪ್ಪದಣ್ಣ ಹೇಳಿದ್ದು ಇಲ್ಲೂ ನೋಡಿದೀವಿ. 2011ರಲ್ಲಿ ಅಲಬಾಮಾ ರಾಜ್ಯ ಮಕ್ಕಳನ್ನ ಹೊರಗೆ ಹಾಕಿ ಅನ್ಲಿಲ್ಲ, ಹೊಸದಾಗಿ ಸೇರೋ ಮಕ್ಕಳ ಪೌರತ್ವ ವಿಚಾರ್ಸಿ ಲೆಕ್ಕ ಬರ್ಕೊಳ್ಳಿ ಅಂತು, ಅಷ್ಟೆ. ಅಷ್ಟಕ್ಕೇ ಒಂದೇ ದಿನ 2 ಸಾವಿರಕ್ಕಿಂತ ಜಾಸ್ತಿ ಹಿಸ್ಪಾನಿಕ್ ಮಕ್ಕಳು ಶಾಲೆಗೆ ಬರ್ಲಿಲ್ಲ, ಅದ್ರಲ್ಲಿ ಅಮೆರಿಕದಲ್ಲೇ ಹುಟ್ಟಿದ ಮಕ್ಕಳೂ ಇದ್ರು. ಮೇಲಿನ ಕೋರ್ಟು ಆಮೇಲೆ ಅದನ್ನ ತಡೀತು. ಈಗ 2025ರ ಜನವರಿಲಿ ಶಾಲೆ ಹತ್ರ ವಲಸೆ ಪೊಲೀಸರು ಸಾಮಾನ್ಯವಾಗಿ ಬರಬಾರ್ದು ಅಂತಿದ್ದ ಹಳೇ ನಿಯಮ ತೆಗೆದಿದಾರೆ, ಮಗಳನ್ನ ಬಿಡಕ್ಕೆ ಬರೋ ತಾಯಂದ್ರ ಮುಖ ನೋಡಿದ್ರೆ ಗೊತ್ತಾಗುತ್ತೆ. ಟೆಕ್ಸಾಸಲ್ಲಿ ಶಾಲೆಗೆ ಸರ್ಕಾರದ ದುಡ್ಡು ಬರೋದು ದಿನದ ಹಾಜರಿ ಲೆಕ್ಕದಲ್ಲಿ, ಹೆದರಿ ಮನೇಲಿ ಕೂತ ಮಗು ಜೊತೆ ಉಳಿದ ಮಕ್ಕಳ ದುಡ್ಡೂ ಹೋಗುತ್ತೆ. ನಿಮ್ಮ 9 ಮಕ್ಕಳ ಶಾಲೆಗೂ ಇದೇ ತಾನೆ ಅಣ್ಣ, ಸಂಖ್ಯೆ ಕಮ್ಮಿ ಆದ್ರೆ ಪಕ್ಕದ ಶಾಲೆಗೆ ವಿಲೀನ ಅಂತಾರೆ, ಆಗ ನಿಮ್ಮ ಮಗನೂ ಮಳೇಲಿ ಸಂಕ ದಾಟಿ ಹೋಗ್ಬೇಕು.

ತೋಟದಮನೆ_ತೀರ್ಥಹಳ್ಳಿ:
ಎಲ್ರಿಗೂ ಥ್ಯಾಂಕ್ಸ್. ಸೋಮವಾರ ಎಸ್‌ಡಿಎಂಸಿ (ಶಾಲೆ ಉಸ್ತುವಾರಿ ಸಮಿತಿ) ಅಧ್ಯಕ್ಷರನ್ನೂ ಕರ್ಕೊಂಡು ಹೋಗಿದ್ದೆ, 14ನೇ ಸೆಕ್ಷನ್ ಪ್ರಿಂಟ್ ತೆಗೆದು ಕೊಟ್ಟೆ, ಜಗಳ ಆಡ್ಲಿಲ್ಲ. ಮೇಷ್ಟ್ರು ಸುತ್ತಿನ ಶಾಲೆಗಳನ್ನ ನೋಡ್ಕೊಳೋ ಸಿಆರ್‌ಪಿಗೆ ಫೋನ್ ಮಾಡಿದ್ರು, ಅವರೂ ಮೊದಲು ಹೆಸರು ಬರ್ಕೊಳ್ಳಿ, ಆಧಾರ್ ಆಮೇಲೆ ನೋಡೋಣ ಅಂದ್ರಂತೆ. ಅಪ್ಪನ ಕೈಲಿ ವಯಸ್ಸಿನ ಬಗ್ಗೆ ಬರೆಸಿ ಸಹಿ ತಗೊಂಡು ಎರಡನೇ ಕ್ಲಾಸಿಗೆ ಹಾಕಿದಾರೆ. ತಮ್ಮನ್ನ ಅಂಗನವಾಡಿಗೆ ಬಿಟ್ಟು ಬರಕ್ಕೆ ಅಮ್ಮ ಒಪ್ಪಿದಾಳೆ.

ಈಗ ಇನ್ನೊಂದು ಇದೆ. ಸುಲಿತ ಮುಗಿದ ಮೇಲೆ ಇವರು ಮೂಡಿಗೆರೆ ಕಡೆ ಕಾಫಿ ಕೊಯ್ಲಿಗೆ ಹೋಗ್ತಾರಂತೆ, ಎರಡು ತಿಂಗಳು. ಅಷ್ಟು ದಿನಕ್ಕೆ ಟಿಸಿ ತಗೊಂಡು ಅಲ್ಲಿ ಸೇರ್ಸೋದಾ, ಇಲ್ಲ ಹುಡುಗಿ ನಮ್ಮನೇಲೇ ಇರ್ಲಾ? ಅಮ್ಮ ಇರ್ಲಿ ಅಂತಿದಾರೆ. ಮೂಡಿಗೆರೆ ಕಡೆ ಮೇಷ್ಟ್ರು ಯಾರಾದ್ರೂ ಇಲ್ಲಿದ್ರೆ ಹೇಳಿ.