ಮುಂದೇನಾಗುತ್ತೋ ಗೊತ್ತಿಲ್ಲದಾಗ ದೇವರನ್ನ ನಂಬೋದು ಅಂದ್ರೆ ಏನು?

ಕಾಯ್ತಿರೋಳು: ಕೆಲಸ ಹೋಗಿ ತಿಂಗಳುಗಳಾದ್ವು, ಇಂಟರ್ವ್ಯೂ ಮಾಡ್ದೋರು ಆಮೇಲೆ ಉತ್ತರಾನೇ ಕೊಡಲ್ಲ. ಚರ್ಚಲ್ಲಿ ಸಿಕ್ಕೋರೆಲ್ಲ ಬೈಬಲಿನ ಯೆರೆಮೀಯ 29:11 ಹೇಳ್ತಾರೆ, ದೇವರ ಹತ್ರ ನಿಂಗೋಸ್ಕರ ಹಿತದ ಯೋಚನೆ ಇದೆ, ಸದ್ಯದಲ್ಲೇ ಬಾಗಿಲು ತೆರೆಯುತ್ತೆ ಅಂತ. ದೇವರಿದ್ದಾನೆ ಅನ್ನೋದ್ರಲ್ಲಿ ಡೌಟಿಲ್ಲ, ಆದ್ರೆ ಆ ವಾಕ್ಯ ಕೇಳ್ದಾಗೆಲ್ಲ ಭಯ ಜಾಸ್ತಿ ಆಗುತ್ತೆ. ಬಾಗಿಲು ತೆರೀದೇ ಇದ್ರೆ ನನ್ನ ನಂಬಿಕೇಲೇ ಕೊರತೆ ಅಂತಾನಾ?

ಬೆಳಕಿನಹಾದಿ: ಸಿಸ್ಟರ್, ಭಾರ ಎಲ್ಲಾ ಆತನ ಮೇಲೆ ಹಾಕ್ಬಿಡಿ. ದೇವರು ಕರೆದಾಗ ಅಬ್ರಹಾಮ ಎಲ್ಲಿಗೆ ಹೋಗ್ತಿದೀನಿ ಅಂತ ಗೊತ್ತಿಲ್ದೇನೇ ಹೊರಟ (ಇಬ್ರಿಯ 11:8). ಒಂದು ಕೈಲಿ ಪ್ಲಾನ್ ಬಿ ಹಿಡ್ಕೊಂಡು ನಂಬ್ತೀನಿ ಅನ್ನೋದು ನಂಬಿಕೆ ಅಲ್ಲ.

ನೇರಮಾತು: ಬ್ರದರ್, ಆ 29ನೇ ಅಧ್ಯಾಯಾನ ಮೊದಲಿಂದ ಓದಿ ದಯವಿಟ್ಟು. ಅದು ಯೆರೂಸಲೇಮಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯಾಗಿ ಹೋದೋರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. 11ನೇ ವಚನ ಎಲ್ರಿಗೂ ಬಾಯಿಪಾಠ, 10ನೇದು ಯಾರೂ ಹೇಳಲ್ಲ, ಅಲ್ಲಿರೋದು 70 ವರ್ಷ ಆದ್ಮೇಲೇ ನಿಮ್ಮನ್ನ ವಾಪಸ್ ಕರ್ಕೊಂಡು ಬರ್ತೀನಿ ಅಂತ. ಅದಕ್ಕೂ ಮುಂಚೆ 28ನೇ ಅಧ್ಯಾಯದಲ್ಲಿ ಹನನ್ಯ ಅನ್ನೋ ಪ್ರವಾದಿ ಜನರ ಮುಂದೆ ನಿಂತು ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗುತ್ತೆ ಅಂದ, ದೇವರು ನಿನ್ನ ಕಳಿಸಿಲ್ಲ, ಈ ಜನ ಸುಳ್ಳು ನಂಬೋ ಹಾಗೆ ಮಾಡ್ತಿದೀಯ ಅಂತ ಯೆರೆಮೀಯ ಅವನ ಮುಖಕ್ಕೇ ಹೇಳ್ದ. "ಸದ್ಯದಲ್ಲೇ ಬಾಗಿಲು ತೆರೆಯುತ್ತೆ" ಅನ್ನೋದು ಹನನ್ಯನ ಮಾತಿಗೇ ಹತ್ರ. ಯೆರೆಮೀಯನ ಪತ್ರದಲ್ಲಿರೋದು ಮನೆ ಕಟ್ಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರೋ ಪಟ್ಟಣದ ಕ್ಷೇಮಕ್ಕೆ ಪ್ರಾರ್ಥನೆ ಮಾಡಿ ಅಂತ.

ಪ್ರಶ್ನೆಚಿಹ್ನೆ: ನಾನು ದೇವರನ್ನ ನಂಬೋನಲ್ಲ, ಆದ್ರೂ ಕೇಳ್ತೀನಿ. 70 ವರ್ಷ ಅಂದ್ರೆ ಆ ಪತ್ರ ಓದಿದ ದೊಡ್ಡೋರೆಲ್ಲ ಹೆಚ್ಚುಕಮ್ಮಿ ಅಲ್ಲೇ ಸತ್ತಿರ್ತಾರೆ. ಮೊಮ್ಮಕ್ಕಳು ವಾಪಸ್ ಬಂದ್ರೆ ಅಜ್ಜನಿಗೇನು ಹಿತ?

ನೇರಮಾತು: ಇದು ಸುಲಭದ ಪ್ರಶ್ನೆ ಅಲ್ಲ ಸರ್, ಸುಲಭದ ಉತ್ತರ ಕೊಡಲ್ಲ. ಆ ಅಜ್ಜ ವಾಪಸ್ ಬರ್ಲಿಲ್ಲ, ಅದು ನಿಜ. ಆದ್ರೆ ಅವನು ಅಲ್ಲಿ ಮನೆ ಕಟ್ಟಿ ತೋಟ ಮಾಡ್ದೇ ಇದ್ದಿದ್ರೆ ವಾಪಸ್ ಬರೋಕೆ ಮೊಮ್ಮಕ್ಕಳು ಎಲ್ಲಿಂದ ಬರೋರು? ಯೆರೆಮೀಯಂದೇ ನೋಡಿ. 32ನೇ ಅಧ್ಯಾಯದಲ್ಲಿ ಬಾಬೆಲಿನೋರು ಯೆರೂಸಲೇಮಿಗೆ ಮುತ್ತಿಗೆ ಹಾಕಿದಾರೆ, ಊರು ಬಿದ್ದೇ ಬೀಳುತ್ತೆ ಅಂತ ಹೇಳಿದ್ದಕ್ಕೆ ಇವನೇ ಕಾವಲಲ್ಲಿದಾನೆ, ಅಂಥ ಟೈಮಲ್ಲಿ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಹೊಲ ತಗೋತಾನೆ! ಸಾಕ್ಷಿ ಹಾಕ್ಸಿ, ಕ್ರಯಪತ್ರ ಬಹುಕಾಲ ಇರ್ಲಿ ಅಂತ ಮಣ್ಣಿನ ಪಾತ್ರೇಲಿ ಇಡಿಸ್ತಾನೆ. ಆ ಹೊಲದಲ್ಲಿ ಅವನು ಬೇಸಾಯ ಮಾಡಿದ್ದು ಎಲ್ಲೂ ಬರೆದಿಲ್ಲ, ಆಮೇಲೆ ಅವನನ್ನ ಐಗುಪ್ತಕ್ಕೆ (ಈಜಿಪ್ಟಿಗೆ) ಕರ್ಕೊಂಡು ಹೋದ್ರು. ಫಲ ನನ್ನ ಕೈಗೆ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ದೇ ಇವತ್ತು ಮಾಡ್ಬೇಕಾದ್ದನ್ನ ಮಾಡೋದು, ನಂಬಿಕೆ ಅಂದ್ರೆ ನಂಗೆ ಅದೇ.

ಹಳೇಓದುಗ: ಪ್ಲಾನ್ ಬಿ ಬಗ್ಗೆ ಒಂದು ಮಾತು. ಯಾಕೋಬ 4:13ರಿಂದ ನೋಡಿ, ನಾಳೆ ಆ ಊರಿಗೆ ಹೋಗಿ ವ್ಯಾಪಾರ ಮಾಡ್ತೀವಿ ಅನ್ನೋರಿಗೆ ಬೈದಿರೋದು ಜಂಭಕ್ಕೆ. ಪ್ಲಾನ್ ಮಾಡ್ಬೇಡಿ ಅಂದಿಲ್ಲ, ಕರ್ತನ ಚಿತ್ತವಾದ್ರೆ ಅಂತ ಸೇರ್ಸಿ ಅಂದ.

ಬೆಳಕಿನಹಾದಿ: ಒಪ್ತೀನಿ. ಆದ್ರೆ ದೇವರು ಇವತ್ತೇ ಮಾಡಬಲ್ಲ ಅನ್ನೋದನ್ನ ನಾನು ಬಿಟ್ಟುಕೊಡಲ್ಲ. ಕೇಳೋದನ್ನೇ ನಿಲ್ಲಿಸ್ಬಿಟ್ರೆ ಅದೂ ನಂಬಿಕೆ ಅಲ್ಲ.

ನೇರಮಾತು: ಕೇಳ್ಲೇಬೇಕು ಬ್ರದರ್, ಜಗಳಾನೂ ಆಡ್ಬಹುದು. ಕೀರ್ತನೆ 13ರ ಮೊದಲ ಎರಡು ವಚನದಲ್ಲೇ ಇನ್ನೂ ಎಷ್ಟು ದಿನ ಅನ್ನೋ ಪ್ರಶ್ನೆ ನಾಲ್ಕು ಸಲ ಇದೆ. ಅಷ್ಟು ಕೇಳಿದೋನನ್ನ ಯಾರೂ ನಂಬಿಕೆ ಇಲ್ದೋನು ಅನ್ಲಿಲ್ಲ. ಸಿಸ್ಟರ್, ನಿಮ್ಮ ಭಯಾನ ಕೊರತೆ ಅಂತ ಅಂದ್ಕೋಬೇಡಿ.

ಪ್ರಶ್ನೆಚಿಹ್ನೆ: ನಂಗೆ ಇನ್ನೂ ಒಪ್ಪಿಗೆ ಆಗ್ಲಿಲ್ಲ, ಆದ್ರೆ ಸುಮ್ನೆ ಕಾಯಿ ಅನ್ನೋದಕ್ಕಿಂತ ಇದು ಎಷ್ಟೋ ವಾಸಿ.

ಕಾಯ್ತಿರೋಳು: ಎಲ್ರಿಗೂ ಥ್ಯಾಂಕ್ಸ್. ಬಾಗಿಲು ಯಾವಾಗ ಬೇಕಾದ್ರೂ ತೆರೀಬಹುದು ಅಂತ ಒಂದು ಕೋರ್ಸಿಗೆ ಸೇರೋದನ್ನ ಮುಂದೂಡ್ತಾ ಇದ್ದೆ, ಈ ವಾರ ಫೀಸ್ ಕಟ್ತೀನಿ. ನಂಗೋಸ್ಕರ ಪ್ರಾರ್ಥನೆ ಮಾಡಿ, ಆದ್ರೆ ಇಂತಿಷ್ಟು ದಿನದಲ್ಲಿ ಆಗುತ್ತೆ ಅಂತ ಮಾತ್ರ ಯಾರೂ ಹೇಳ್ಬೇಡಿ.