ಪದಚರ್ಚೆ: ಒಬ್ಬ ಪಿಚರ್‌ನ ಮೊಣಕೈ, ಮೂರು ‘ನರ’

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಮೂರು ದಿನದಿಂದ ಒದ್ದಾಡುತ್ತಿದ್ದೇನೆ: ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿಗೆ ಕನ್ನಡದಲ್ಲಿ ಏನನ್ನಬೇಕು? ನಿಮ್ಮಲ್ಲಿ ಯಾರಿಗಾದರೂ ಹೊಳೆಯಬಹುದು ಅಂತ ಇಲ್ಲಿ ಹಾಕುತ್ತಿದ್ದೇನೆ.

ಹೈಸ್ಕೂಲ್ ಮಕ್ಕಳಿಗಾಗಿ ಆಟಗಾರರ ಬಗ್ಗೆ ಸಣ್ಣ ಸಣ್ಣ ಬರಹ ಬರೆಯುತ್ತಿದ್ದೇನೆ. ಈ ಸಲ ಅಮೆರಿಕದ ಬೇಸ್‌ಬಾಲ್ ಪಿಚರ್, ಅಂದರೆ ಬ್ಯಾಟ್ ಹಿಡಿದವರಿಗೆ ಚೆಂಡು ಎಸೆಯುವ ಆಟಗಾರ, ಟಾಮಿ ಜಾನ್ ಅವರ ಸರದಿ. ಟಾಮಿ ಅಂದ ಕೂಡಲೇ ನಮ್ಮ ಮಕ್ಕಳು ಬೀದಿಯ ನಾಯಿಯನ್ನು ನೆನೆಸಿಕೊಂಡು ನಗುತ್ತಾರೆ, ಗೊತ್ತು. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಅವರು ಹುಟ್ಟಿದ್ದು 1943ರಲ್ಲಿ, ಇಂಡಿಯಾನಾ ರಾಜ್ಯದಲ್ಲಿ. ದೊಡ್ಡ ಲೀಗ್‌ಗೆ ಕಾಲಿಟ್ಟಿದ್ದು 1963ರಲ್ಲಿ, ಕ್ಲೀವ್‌ಲ್ಯಾಂಡ್ ತಂಡದಲ್ಲಿ. ಆಮೇಲೆ ಷಿಕಾಗೊ, 1972ರಿಂದ ಲಾಸ್ ಏಂಜಲೀಸ್‌ನ ಡಾಡ್ಜರ್ಸ್. ಎಡಗೈ ಆಟಗಾರ. ವೇಗಕ್ಕಿಂತ ನಯವೇ ಜಾಸ್ತಿ. ‘ಸಿಂಕರ್’ ಅನ್ನುವ ಎಸೆತ ಅವರ ಕೈಚಳಕ. ಬ್ಯಾಟಿನ ಹತ್ತಿರ ಬಂದಾಗ ಚೆಂಡು ಒಮ್ಮೆಲೇ ತಗ್ಗುತ್ತದೆ, ಹೊಡೆದರೂ ಮೇಲೇಳದೆ ನೆಲದಲ್ಲೇ ಉರುಳಿಹೋಗುತ್ತದೆ. ಇಲ್ಲಿವರೆಗೆ ನನ್ನ ಕನ್ನಡ ಸರಾಗವಾಗಿ ಓಡಿತು.

1974ರ ಜುಲೈ 17ಕ್ಕೆ ಬಂದು ನಿಂತಿತು. ಆ ವರ್ಷ ಅವರ ಹೆಸರಿಗೆ 13 ಗೆಲುವು, ಮೂರೇ ಸೋಲು. ಅವತ್ತು ಮಾಂಟ್ರಿಯಲ್ ತಂಡದ ಎದುರು ಒಂದು ಚೆಂಡು ಎಸೆಯುವಾಗ ಎಡ ಮೊಣಕೈ ಕೆಟ್ಟಿತು. ನಾನು ಮೊದಲು ಬರೆದದ್ದು ಹೀಗೆ: ‘ಮೊಣಕೈಯ ನರ ಹರಿಯಿತು. ಡಾಕ್ಟರು ಬಲಗೈಯಿಂದ ಒಂದು ನರ ತೆಗೆದು ಅಲ್ಲಿ ಹಾಕಿದರು. ಆಮೇಲೆ ನರ ಕೈಕೊಟ್ಟಿತು, ಮತ್ತೆ ಆಪರೇಷನ್ ಆಯಿತು.’

ಒಂಬತ್ತನೇ ಕ್ಲಾಸಿನ ಅಕ್ಕನ ಮಗಳಿಗೆ ಓದಲು ಕೊಟ್ಟೆ. ಓದಿ, ‘ಯಾವ ನರ ಮಾಮ?’ ಅಂದಳು.

ಅವಳು ಕೇಳಿದ್ದು ಸರಿ. ಮೂರೂ ಬೇರೆ ಬೇರೆ. ಮೊದಲನೆಯದು ಮೂಳೆಗೆ ಮೂಳೆಯನ್ನು ಬಿಗಿದಿಡುವ ಪಟ್ಟಿ. ಎರಡನೆಯದು ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹಗ್ಗ. ಮೂರನೆಯದು ಮಿದುಳಿಗೂ ಬೆರಳಿಗೂ ನಡುವೆ ಸುದ್ದಿ ಸಾಗಿಸುವ ತಂತಿ. ನಮ್ಮ ಬಾಯಲ್ಲಿ ಎಲ್ಲವೂ ನರವೇ. ಕೈ ಉಳುಕಿದರೆ ಅಮ್ಮ, ‘ನರ ಸರಿದಿದೆ, ಎಣ್ಣೆ ಹಚ್ಚಿ ತೀಡಿಸ್ಕೊಂಡು ಬಾ’ ಅನ್ನುತ್ತಾರೆ. ಡ್ರಿಪ್ ಹಾಕುವ ನರ್ಸ್, ‘ನರಾನೇ ಸಿಗ್ತಿಲ್ಲ’ ಅನ್ನುತ್ತಾರೆ. ಅದು ರಕ್ತನಾಳ, ನಾಲ್ಕನೆಯದು!

ಎರಡನೆಯ ‘ನರ’ವನ್ನು ನೀವೇ ನೋಡಬಹುದು. ಅಂಗೈ ಮೇಲೆ ಮಾಡಿ, ಹೆಬ್ಬೆರಳು ಮತ್ತು ಕಿರುಬೆರಳಿನ ತುದಿ ಸೇರಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ. ಮಣಿಕಟ್ಟಿನ ನಟ್ಟನಡುವೆ ಒಂದು ಹುರಿ ಎದ್ದು ನಿಲ್ಲುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಅದು ಇರುವುದಿಲ್ಲ. ಇಲ್ಲದಿದ್ದರೂ ಕೈ ಹಿಡಿತಕ್ಕೆ ಅಂಥ ಕೊರತೆ ಆಗುವುದಿಲ್ಲ. ಅದಕ್ಕೇ ತೆಗೆಯಲು ಡಾಕ್ಟರುಗಳಿಗೆ ಧೈರ್ಯ.

ವಿಜ್ಞಾನ ಪುಸ್ತಕದಲ್ಲಿ ಪದಗಳಿಲ್ಲ ಅಂತಲ್ಲ. ಮೊದಲನೆಯದು ಅಸ್ಥಿರಜ್ಜು, ಎರಡನೆಯದು ಸ್ನಾಯುರಜ್ಜು. ಆದರೆ ‘ಅಸ್ಥಿರಜ್ಜು’ ಅಂತ ಬರೆದು ಮಗುವಿಗೆ ಜೋರಾಗಿ ಓದಲು ಹೇಳಿ. ‘ಅಸ್ಥಿರ’ ಅಂತ ಓದಿ, ಅಲ್ಲಿ ಉಸಿರು ಎಳೆದುಕೊಂಡು, ‘ಜ್ಜು’ ಅನ್ನುತ್ತದೆ. ಕೀಲು ಅಲುಗಾಡದಂತೆ ಹಿಡಿದಿಡುವ ವಸ್ತುವಿಗೆ ಇದಕ್ಕಿಂತ ತಮಾಷೆಯ ಹೆಸರು ಸಿಗಲಿಕ್ಕಿಲ್ಲ. ಸ್ನಾಯುವಿನ ಕಥೆ ಇನ್ನೊಂದು. ಸಂಸ್ಕೃತದಲ್ಲಿ ಸ್ನಾಯು ಅಂದರೆ ಈ ಹಗ್ಗದಂಥದ್ದೇ, ಬಿಲ್ಲಿನ ಹೆದೆಗೂ ಆ ಮಾತು ಇತ್ತು. ಕನ್ನಡಕ್ಕೆ ಬಂದು ಮಾಂಸಖಂಡ ಆಗಿ ಕುಳಿತಿದೆ. ‘ಸ್ನಾಯು ಸೆಳೆತ’ ಅನ್ನುವಾಗ ನಾವು ಹೇಳುವುದು ಅದನ್ನೇ. ಹಾಗಾಗಿ ‘ಸ್ನಾಯುರಜ್ಜು’ ಅಂದರೆ ಹಳೆಯ ಲೆಕ್ಕದಲ್ಲಿ ಹಗ್ಗದ ಹಗ್ಗ!

ಸದ್ಯಕ್ಕೆ ಮೊದಲನೆಯದಕ್ಕೆ ‘ಕೀಲುಕಟ್ಟು’ ಅಂತ ಹಾಕಿಕೊಂಡಿದ್ದೇನೆ. ಕೀಲು ಎಲ್ಲರಿಗೂ ಗೊತ್ತು, ಕಟ್ಟುವ ಕೆಲಸವೂ ಹೆಸರಲ್ಲೇ ಇದೆ. ನರವನ್ನು ಮೂರನೆಯದಕ್ಕೆ ಮಾತ್ರ ಬಿಟ್ಟುಕೊಟ್ಟೆ. ಸಿಕ್ಕಿಬಿದ್ದಿರುವುದು ಎರಡನೆಯದರಲ್ಲಿ. ‘ಹುರಿ’ ಅಂದರೆ ಚೆನ್ನಾಗಿತ್ತು, ಆದರೆ ಬೆನ್ನುಹುರಿ ಆಗಲೇ ಆ ಜಾಗ ಹಿಡಿದಿದೆ, ಅದೂ ನರದ ಕಡೆಯ ಮಾತು. ಮಿಣಿ, ಕಣ್ಣಿ ಎಲ್ಲ ನೊಗ ಮತ್ತು ದನದ ಜೊತೆ ಅಂಟಿಕೊಂಡಿವೆ.

ಒಂದು ಕಡೆ ಮಾತ್ರ ಕನ್ನಡ ನನ್ನ ಕೈಹಿಡಿಯಿತು: ಕಸಿ. ಮಾವಿನ ಗಿಡಕ್ಕೂ ಅದೇ, ಮೂತ್ರಪಿಂಡಕ್ಕೂ ಅದೇ. ಜೊತೆಗೆ ಕಿತ್ತುಕೊಳ್ಳುವ ಅರ್ಥದ ‘ಕಸಿ’ಯೂ ಇದೆ. ಬಲಗೈಯಿಂದ ಕಸಿದು ಎಡಗೈಗೆ ಕಸಿ. 1974ರ ಸೆಪ್ಟೆಂಬರ್ 25ರಂದು ಡಾ. ಫ್ರಾಂಕ್ ಜೋಬ್ ಮಾಡಿದ್ದು ಇದನ್ನೇ. ಮೊಣಕೈಯ ಮೂಳೆಗಳಲ್ಲಿ ತೂತು ಕೊರೆದು, ಬಲಗೈಯ ಆ ಹುರಿಯನ್ನು ಎಂಟರ ಆಕಾರದಲ್ಲಿ ಪೋಣಿಸಿ ಬಿಗಿದರು. ಎಂಟು ಅಂದರೆ ಇಂಗ್ಲಿಷ್ ಎಂಟು. ನಮ್ಮ ೮ ಬರೆದರೆ ಒಂದು ಕಡೆ ಬಾಯಿ ತೆರೆದೇ ಇರುತ್ತದೆ, ಕಟ್ಟು ನಿಲ್ಲುವುದಿಲ್ಲ.

ಪಿಚರ್ ಒಬ್ಬರಿಗೆ ಹೀಗೆ ಮಾಡಿದ್ದು ಅದೇ ಮೊದಲು. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಅಂದಿದ್ದರು ಡಾಕ್ಟರು. ಅಷ್ಟರಲ್ಲಿ ಮೂರನೆಯ ‘ನರ’, ಅಂದರೆ ನಿಜವಾದ ನರ, ತೊಂದರೆ ಕೊಟ್ಟು ಬೆರಳು ಮಡಚಿಕೊಂಡವು. ಡಿಸೆಂಬರ್‌ನಲ್ಲಿ ಇನ್ನೊಂದು ಆಪರೇಷನ್. 1975 ಪೂರ್ತಿ ಆಟವಿಲ್ಲ. 1976ರಲ್ಲಿ ಮರಳಿ ಬಂದು 10 ಗೆದ್ದರು, 10 ಸೋತರು. ಮರುವರ್ಷ 20 ಗೆಲುವು. ಆಮೇಲೆ ನ್ಯೂಯಾರ್ಕ್ ಯಾಂಕೀಸ್ ಸೇರಿದರು, ಅಲ್ಲಿ ಇಲ್ಲಿ ಸುತ್ತಿ ಮತ್ತೆ ಅಲ್ಲಿಗೇ ಬಂದರು. 1989ರಲ್ಲಿ ಆಟ ಬಿಟ್ಟಾಗ ವಯಸ್ಸು 46. ಒಟ್ಟು 288 ಗೆಲುವು, ಅದರಲ್ಲಿ 164 ಆಪರೇಷನ್ ಆದ ಮೇಲಿನವು.

ಇಲ್ಲಿ ಒಂದು ತೊಡಕು. ಗೆದ್ದದ್ದು ತಂಡ ತಾನೇ? ಬೇಸ್‌ಬಾಲ್‌ನಲ್ಲಿ ಪ್ರತಿ ಗೆಲುವನ್ನೂ ಒಬ್ಬ ಪಿಚರ್‌ನ ಹೆಸರಿಗೆ ಬರೆಯುತ್ತಾರೆ. ‘ಅವರ ಖಾತೆಗೆ 288 ಗೆಲುವು’ ಅಂದೆ, ಸರಿಹೋಯಿತು. ‘ಟಾಮಿ ಜಾನ್ ಸರ್ಜರಿ’ ಅನ್ನುವುದು ಮಾತ್ರ ಸರಿಹೋಗಲಿಲ್ಲ. ಈಗ ಆ ಆಪರೇಷನ್‌ಗೆ ಎಲ್ಲೆಡೆ ಅದೇ ಹೆಸರು. ನಮ್ಮ ಹುಡುಗಿ ಟಾಮಿ ಜಾನ್ ಅಂದರೆ ಡಾಕ್ಟರು ಅಂದುಕೊಂಡಳು. ನಾವೆಲ್ಲ ಅಂದುಕೊಳ್ಳುವುದೂ ಹಾಗೇ, ಅಲ್ವಾ? ರೋಗಿಯ ಹೆಸರು ಚಿಕಿತ್ಸೆಗೆ ಬೀಳುವುದು ಅಪರೂಪ.

ಕೊನೆಗೆ ‘ಪಿಚರ್’. ಎಸೆತಗಾರ ಅಂತ ಬರೆಯೋಣ ಅಂದರೆ, ಆ ಮಾತನ್ನು ಕ್ರಿಕೆಟ್ ಬೌಲರ್‌ಗೆ ಕೊಟ್ಟುಬಿಟ್ಟಿದ್ದೇವೆ. ‘24 ಎಸೆತಗಳಲ್ಲಿ 50 ರನ್’ ಅಂತ ಪತ್ರಿಕೆಯಲ್ಲಿ ದಿನಾ ಓದುತ್ತೇವೆ. ವಿಚಿತ್ರ ನೋಡಿ: ಕ್ರಿಕೆಟ್‌ನಲ್ಲಿ ಮಡಚಿದ ಮೊಣಕೈಯನ್ನು ನೆಟ್ಟಗೆ ಮಾಡುತ್ತಾ ಎಸೆದರೆ ತಪ್ಪು, ಆದರೂ ಅದು ಎಸೆತ. ಇಲ್ಲಿ ನಿಜವಾಗಿ ಎಸೆಯುತ್ತಾರೆ, ಕೀಲುಕಟ್ಟು ಹರಿಯುವಷ್ಟು ಎಸೆಯುತ್ತಾರೆ, ಇವರಿಗೆ ಪದ ಉಳಿದಿಲ್ಲ. ಪಿಚ್ ಅಂದರೂ ನಮಗೆ 22 ಗಜದ ನೆಲವೇ ಕಣ್ಣಿಗೆ ಬರುವುದು. ಸುಮ್ನೆ ಪಿಚರ್ ಅಂತಲೇ ಬಿಟ್ಟಿದ್ದೇನೆ. ಇದಕ್ಕೆ ಹೊಸ ಪದ ಕಟ್ಟುವ ಉಮೇದು ನನಗಿಲ್ಲ.

ನನಗೆ ಬೇಕಾದದ್ದು ಮಣಿಕಟ್ಟಿನ ಆ ಹುರಿಯ ಹೆಸರು. ಕುರಿ ಕಾಲು ಸೀಳುವವರು, ಉಳುಕು ತೆಗೆಯುವವರು, ಗರಡಿಯ ಉಸ್ತಾದರು ಅದಕ್ಕೆ ಏನಂತಾರೆ? ನರ ಅಲ್ಲದ ಬೇರೆ ಮಾತು ಕೇಳಿದ್ದರೆ ಯಾವ ಊರಿನದು ಅನ್ನುವುದನ್ನೂ ಸೇರಿಸಿ ಬರೆಯಿರಿ. ಭಾನುವಾರ ಬರಹ ಕಳಿಸಬೇಕು.